ಸಂಜೆ ಆರರ ಚಳಿ: ಮಂಡ್ಯದ ಒಂದು ವಾರ್ಡಲ್ಲಿ ನಡೆದ ಪ್ರಕರಣ

ಮೊದಲನೇ ಪೇಶೆಂಟು 63 ವರ್ಷದ ಹೆಂಗಸು, ಪಾಂಡವಪುರದ ಕಡೆಯವರು, ಹತ್ತು ವರ್ಷದಿಂದ ಶುಗರ್ ಇದೆ. ಡೆಂಗೆ ಅಂತ ಅಡ್ಮಿಟ್ ಆಗಿ ಅವತ್ತಿಗೆ ಐದನೇ ದಿನ. ಜ್ವರ ಬಿಟ್ಟು ಎರಡು ದಿನ ಆಗಿತ್ತು, ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿದ್ದು 71 ಸಾವಿರಕ್ಕೆ ಏರಿತ್ತು, ಬೆಳಿಗ್ಗೆ ರೌಂಡ್ಸಲ್ಲಿ ಡಾಕ್ಟ್ರು ನಾಳೆ ಮನೆಗೆ ಹೋಗಬಹುದು ಕಣವ್ವ ಅಂತ ಹೇಳಿ ಹೋಗಿದ್ರು. ಸಂಜೆ ಮಗಳು ಕೌಂಟರ್ ಹತ್ರ ಓಡಿ ಬಂದು "ಸಿಸ್ಟ್ರೇ ಬೇಗ ಬನ್ನಿ, ನಮ್ಮವ್ವ ಗಡಗಡ ನಡುಗ್ತಾವ್ಳೆ, ಮಂಚ ಎಲ್ಲ ಅಲ್ಲಾಡ್ತದೆ" ಅಂದ್ಲು. ಹೋಗಿ ನೋಡಿದ್ರೆ ಹಲ್ಲು ಕಟಕಟ, ಎರಡು ಕಂಬಳಿ ಹೊದಿಸಿದ್ರೂ ನಿಲ್ಲದ ಚಳಿ, ಸ್ವಲ್ಪ ಹೊತ್ತಿಗೆ ಟೆಂಪರೇಚರ್ 103. ಡ್ಯೂಟಿ ಡಾಕ್ಟ್ರಿಗೆ ಫೋನ್ ಹೋಯ್ತು, ಡ್ರಿಪ್ ರಿಯಾಕ್ಷನ್ ಇರಬೇಕು, ಒಂದು ಏವಿಲ್ (ಅಲರ್ಜಿ ಇಂಜೆಕ್ಷನ್), ಒಂದು ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಕೊಟ್ಟು ಬಾಟ್ಲು ಚೇಂಜ್ ಮಾಡಿ ಅಂದ್ರು. ಮಾಡಿದ್ರು. ಅರ್ಧ ಗಂಟೇಲಿ ಚಳಿ ನಿಂತ್ತು. ಅರ್ಧ ಉಳಿದಿದ್ದ ಬಾಟ್ಲು ಸೆಟ್ ಸಮೇತ ಬುಟ್ಟಿಗೆ ಹೋಯ್ತು. ಕೇಸ್‌ಶೀಟಲ್ಲಿ ಒಂದು ಸಾಲು ಬಿತ್ತು: ಚಿಲ್ಸ್, ಏವಿಲ್ ಕೊಟ್ಟಿದೆ, ಈಗ ಆರಾಮ.

ಮುಂದಿನ 16 ದಿನದಲ್ಲಿ ಅದೇ ವಾರ್ಡಲ್ಲಿ ಹೆಚ್ಚುಕಮ್ಮಿ ಇದೇ ಸಾಲು ಇನ್ನೂ ಆರು ಜನರ ಕೇಸ್‌ಶೀಟಲ್ಲಿ ಬಂತು. ಏಳು ಜನರಲ್ಲಿ ಐದು ಜನರ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೀತು, ಒಬ್ಬರು ತೀರಿಕೊಂಡ್ರು. ನಾನು ಆ ಆಸ್ಪತ್ರೇಲಿ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. ಆಸ್ಪತ್ರೆ ಹೆಸರು ಹೇಳಲ್ಲ, ಪೇಶೆಂಟ್‌ಗಳನ್ನ ಯಾರೂ ಗುರುತು ಹಿಡೀಬಾರದು ಅಂತ ಸಣ್ಣಪುಟ್ಟ ವಿವರಗಳನ್ನೂ ಬಿಟ್ಟಿದೀನಿ. ಆದ್ರೆ ಏನಾಯ್ತು, ನಾವು ಎಲ್ಲಿ ಎಡವಿದ್ವಿ ಅನ್ನೋದನ್ನ ಮುಚ್ಚಿಡೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಈ ಏವಿಲ್-ಬಾಟ್ಲು-ಬುಟ್ಟಿ ಕಥೆ ನಮ್ಮ ವಾರ್ಡಿಂದು ಮಾತ್ರ ಅಲ್ಲ, ಹದಿನೆಂಟು ವರ್ಷ ನಾನು ಕೆಲಸ ಮಾಡಿರೋ ಎಲ್ಲ ಕಡೇನೂ ಇದೇ ನೋಡಿದೀನಿ, ನಾನೇ ಎಷ್ಟೋ ಸಲ ಮಾಡಿದೀನಿ.

ಆವಾಗಿನ ಪರಿಸ್ಥಿತಿ ಸ್ವಲ್ಪ ಹೇಳ್ಬೇಕು. ಮಳೆಗಾಲ, ಡೆಂಗೆ ಜೋರು. 18 ಬೆಡ್ಡಿನ ವಾರ್ಡಲ್ಲಿ 24 ಮಂಚ ಹಾಕಿದ್ವಿ, ಜಾಗ ಸಾಲದೆ ಇಂಜೆಕ್ಷನ್ ರೆಡಿ ಮಾಡೋ ಟ್ರಾಲಿನ ಮೂಲೆಗೆ ತಳ್ಳಿದ್ವಿ. ಸಂಜೆ ಡ್ಯೂಟಿಗೆ ಇಬ್ಬರು ಸಿಸ್ಟರ್, ಒಬ್ಬರು ರಜೆ ಹಾಕಿದ್ರೆ ಒಬ್ಬರೇ. ಜ್ವರದ ವಾರ್ಡಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಯಾರು ತಲೆ ಕೆಡಿಸ್ಕೊಳ್ತಾರೆ ಹೇಳಿ. ಮೊದಲ ಪೇಶೆಂಟಿಗೆ ಮಾರನೇ ದಿನ ಸಂಜೆನೂ ಚಳಿ ಬಂತು, ಆವಾಗ್ಲೂ ಏವಿಲ್ ಕೊಟ್ರು, ಡೆಂಗೆ ಜ್ವರ ಮತ್ತೆ ತಿರುಗಿದೆ ಅಂದ್ಕೊಂಡ್ರು. ಮೂರನೇ ದಿನ ಬೆಳಗಿನ ಜಾವ ಬಿಪಿ 80/50, ಕೈಕಾಲು ತಣ್ಣಗೆ, ಮಾತು ತೊದಲ್ತಿತ್ತು. ಐಸಿಯುಗೆ ಶಿಫ್ಟ್ ಮಾಡಿ, ಆಗ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಟೆಸ್ಟ್) ತೆಗೆದ್ರು, ಅದೂ ಒಂದೇ ಬಾಟಲು, ಒಂದೇ ಕೈಯಿಂದ.

ಇಲ್ಲಿ ಒಂದು ಮಾತು. ಆಸ್ಪತ್ರೆಗೆ ಸೇರಿ 48 ಗಂಟೆ ಆದ್ಮೇಲೆ ಹೊಸದಾಗಿ ಬರೋ ಇನ್‌ಫೆಕ್ಷನ್ ಸಾಮಾನ್ಯವಾಗಿ ಆಸ್ಪತ್ರೇದೇ ಅಂತ ಲೆಕ್ಕ. ಈಯಮ್ಮಂಗೆ ಐದನೇ ದಿನ, ಜ್ವರ ಪೂರ್ತಿ ಬಿಟ್ಟು ಎರಡು ದಿನ ಆದ್ಮೇಲೆ ಬಂದಿದ್ದು. ಮನೆಯಿಂದ ತಂದಿದ್ದಲ್ಲ, ನಾವು ಕೊಟ್ಟಿದ್ದು. ಕೇಸ್‌ಶೀಟ್ ಮುಂದೆ ಇಟ್ಕೊಂಡು ನೋಡಿದ್ರೆ ಈಗ ಎಷ್ಟು ಸಲೀಸಾಗಿ ಕಾಣುತ್ತೆ, ಆವಾಗ ಯಾಕೆ ಕಾಣ್ಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಮ್ಮಲ್ಲಿ ಕಲ್ಚರ್ ಲ್ಯಾಬ್ ಇಲ್ಲ. ಸ್ಯಾಂಪಲ್ ಮೈಸೂರಿಗೆ ಹೋಗ್ಬೇಕು, ಮಧ್ಯಾಹ್ನ ನಾಲ್ಕಕ್ಕೆ ಬೈಕಲ್ಲಿ ಹುಡುಗ ಬಂದು ತಗೊಂಡ್ ಹೋಗ್ತಾನೆ, ನಾಲ್ಕು ದಾಟಿದ್ರೆ ನಾಳೆಗೆ. ಮೂರು ದಿನಕ್ಕೆ ರಿಪೋರ್ಟ್ ಬಂತು, ಸ್ಯೂಡೋಮೊನಾಸ್ ಸ್ಪೀಷೀಸ್ ಅನ್ನೋ ಬ್ಯಾಕ್ಟೀರಿಯಾ ಅಂತ. ಫಿಸಿಶಿಯನ್ ಸಾರ್ ನೋಡಿ ಒಂದೇ ಬಾಟಲು ತಾನೆ, ತೆಗೆಯುವಾಗ ಸೇರ್ಕೊಂಡಿರಬಹುದು, ಕಂಟ್ಯಾಮಿನೇಷನ್ ಇರ್ಬೇಕು ಅಂದ್ರು. ಅವರ ಮಾತು ತೀರಾ ತಪ್ಪೇನಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಕಲ್ಚರ್ ಬಾಟಲಿಗೆ ಬೀಳೋದು ದಿನಾ ಆಗೋದೇ. ಅದಕ್ಕೇ ಎರಡು ಕೈಯಿಂದ ಬೇರೆ ಬೇರೆ ಬಾಟಲಿಗೆ, ದೊಡ್ಡವರಿಗಾದ್ರೆ ಒಂದೊಂದಕ್ಕೂ 8-10 ಎಂಎಲ್ ರಕ್ತ, ಆಂಟಿಬಯಾಟಿಕ್ ಶುರು ಮಾಡೋಕೆ ಮುಂಚೆ ತೆಗೀಬೇಕು ಅಂತ ನಾವು ಟ್ರೈನಿಂಗಲ್ಲಿ ಬಾಯಿ ಬಡ್ಕೊಳ್ಳೋದು. ಎರಡರಲ್ಲೂ ಒಂದೇ ಬೆಳೆದ್ರೆ ಆಗ ಯಾರೂ ಅದನ್ನ ತಳ್ಳಿಹಾಕೋಕಾಗಲ್ಲ.

ಅಷ್ಟರಲ್ಲಿ ಇನ್ನಿಬ್ಬರಿಗೆ ಅದೇ ಥರ ಚಳಿ. ಒಬ್ಬ 29ರ ಹುಡುಗ, ಆಲೆಮನೇಲಿ ಕೆಲಸ ಮಾಡೋನು, ಇನ್ನೊಬ್ಬರು ಸ್ಕೂಲ್ ಟೀಚರ್. ಮೂರನೆಯವರು ಬಂದ ಮೇಲೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ನನ್ನ ರೂಮಿಗೆ ಬಂದು ಬಾಗಿಲು ಹಾಕ್ಕೊಂಡು "ಅಕ್ಕ, ನಂಗ್ಯಾಕೋ ಬಳ್ಳಾರಿ ನೆನಪಾಗ್ತಿದೆ" ಅಂದ್ರು.

ಬಳ್ಳಾರಿ ಅಂದ್ರೆ ಗೊತ್ತಲ್ಲ, 2024ರ ನವೆಂಬರ್. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ್ರು, ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ಡ್ರಿಪ್ ಮೇಲೆ ಅನುಮಾನ ಬಂತು, ಸರ್ಕಾರ ಆ ಕಂಪನಿ ಬಾಟ್ಲು ಬಳಸೋದನ್ನ ನಿಲ್ಲಿಸ್ತು. ಅದಾದ ಮುಂದಿನ ಮಳೆಗಾಲ ಇದು. ಕರ್ನಾಟಕದ ಯಾವ ಸಿಸ್ಟರಿಗೂ ಆ ವರ್ಷ ಆರ್‌ಎಲ್ ಬಾಟ್ಲು ತೂಗಿಹಾಕುವಾಗ ಕೈ ಒಂದು ಕ್ಷಣ ತಡೆದಿರುತ್ತೆ. ಕಂಪನಿ ಕಡೆ ಮೊದಲು ಬೆರಳು ತೋರಿಸಿದ್ದು ತಪ್ಪು ಅಂತ ನಾನು ಈಗಲೂ ಹೇಳಲ್ಲ, ಯಾಕಂದ್ರೆ ಅಂಥದ್ದು ಆಗಿದೆ. 1970-71ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಬಾಟ್ಲಿನ ಮುಚ್ಚಳದ ಒಳಗಿನ ಲೈನರ್ ಬದಲಾಯಿಸ್ತು, ಅಷ್ಟೇ. ಆ ಹೊಸ ಲೈನರ್‌ನಲ್ಲಿ ಬ್ಯಾಕ್ಟೀರಿಯಾ ಕೂತಿರ್ತಿತ್ತು, ಮುಚ್ಚಳ ತಿರುಗಿಸಿದಾಗ ಒಳಗಿನ ನೀರಿಗೆ ಇಳೀತಿತ್ತು. 25 ಆಸ್ಪತ್ರೆಗಳಲ್ಲಿ 378 ಜನಕ್ಕೆ ರಕ್ತದ ಸೋಂಕು, ಹಲವರು ಸತ್ರು, 1971ರ ಮಾರ್ಚಲ್ಲಿ ಬಾಟ್ಲುಗಳನ್ನ ವಾಪಸ್ ತಗೊಂಡ್ರು. ಮುಂದಿನ ವರ್ಷವೇ ಇಂಗ್ಲೆಂಡಿನ ಡೆವನ್‌ಪೋರ್ಟಲ್ಲಿ ಇನ್ನೊಂದು, ಅಲ್ಲಿ ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಒಳಗೆ ಗಾಳಿ ಸಿಕ್ಕಿಹಾಕ್ಕೊಂಡು ಕೆಳಗಿನ ಸಾಲಿನ ಡೆಕ್ಸ್ಟ್ರೋಸ್ ಬಾಟ್ಲುಗಳಿಗೆ ಶಾಖವೇ ಸರಿಯಾಗಿ ಮುಟ್ಟಿರಲಿಲ್ಲ, ಹೊರಗಡೆ ಲೇಬಲ್ ಮಾತ್ರ ಸ್ಟರೈಲ್ ಅಂತಿತ್ತು.

ಹಂಗಾಗಿ ನಾವು ಆ ಬ್ಯಾಚಿನ ಎನ್‌ಎಸ್ (ನಾರ್ಮಲ್ ಸಲೈನ್), ಆರ್‌ಎಲ್ ಎಲ್ಲ ವಾರ್ಡಿಂದ ಹೊರಗೆ ತೆಗೆದು ಸ್ಟೋರಲ್ಲಿ ಬೀಗ ಹಾಕಿದ್ವಿ, ಡ್ರಗ್ಸ್ ಕಂಟ್ರೋಲ್ ಇಲಾಖೆಗೆ ತಿಳಿಸಿದ್ವಿ, ಔಷಧದ ಅಡ್ಡಪರಿಣಾಮ ದಾಖಲಿಸೋ ಕೇಂದ್ರದ ಸಹಾಯವಾಣಿ 1800-180-3024ಕ್ಕೂ ಫೋನ್ ಮಾಡಿದ್ವಿ. (ಆ ನಂಬರಿಗೆ ಪೇಶೆಂಟ್ ಕಡೆಯವರೂ ಮಾಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ.) ಬೇರೆ ಕಂಪನಿ ಬಾಟ್ಲು ತರಿಸಿದ್ವಿ. ಸೀಲ್ ಒಡೆಯದ ಬಾಟ್ಲುಗಳು ಟೆಸ್ಟಿಗೆ ಹೋದ್ವು. ಸ್ಟೆರಿಲಿಟಿ ಟೆಸ್ಟ್ ಅಂದ್ರೆ 14 ದಿನ ಕಾಯ್ಬೇಕು, ಬೆಳೆಯೋದು ಇದ್ರೆ ಬೆಳೀಲಿ ಅಂತ. ಆ ಟೆಸ್ಟಿಗೂ ಒಂದು ಮಿತಿ ಇದೆ, ಇದನ್ನ ಮೈಸೂರಿನ ಮೈಕ್ರೋಬಯಾಲಜಿ ಮೇಡಂ ನನಗೆ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದ್ರು. ಒಂದು ಬ್ಯಾಚಲ್ಲಿ ನೂರಕ್ಕೆ ಒಂದು ಬಾಟ್ಲು ಕೆಟ್ಟಿದೆ ಅನ್ಕೊಳ್ಳಿ, ಅದರಲ್ಲಿ 20 ಬಾಟ್ಲು ಎತ್ತಿ ಟೆಸ್ಟ್ ಮಾಡಿದ್ರೆ ನೂರರಲ್ಲಿ 82 ಸಲ ಆ ಬ್ಯಾಚ್ ಪಾಸ್ ಆಗ್ಬಿಡುತ್ತೆ. ಸಾವಿರಕ್ಕೆ ಒಂದು ಕೆಟ್ಟಿದ್ರೆ 98 ಸಲ ಪಾಸ್. ಅದಕ್ಕೇ ಬರೀ ಕೊನೇ ಟೆಸ್ಟ್ ನಂಬ್ಕೊಂಡು ಕೂರೋಕಾಗಲ್ಲ, ಪೇಶೆಂಟಿಗೆ ಹಾಕ್ತಿದ್ದ ಬಾಟ್ಲೇ ದೊಡ್ಡ ಸಾಕ್ಷಿ. ನಮ್ಮ ಹತ್ರ ಅಂಥದ್ದು ಒಂದೂ ಇರ್ಲಿಲ್ಲ. ಮೂರೂ ಬುಟ್ಟಿ ಸೇರಿದ್ವು.

ಬ್ಯಾಚ್ ಬದಲಾಯಿಸಿ ಎಲ್ಲರೂ ಉಸಿರು ಬಿಟ್ವಿ. ನಾಲ್ಕನೇ ದಿನ ಸಂಜೆ ಮದ್ದೂರು ಕಡೆಯ ಎಪ್ಪತ್ತರ ಯಜಮಾನರೊಬ್ಬರಿಗೆ ಚಳಿ ಬಂತು. ಕಿಡ್ನಿ ಮೊದಲೇ ವೀಕ್ ಇತ್ತು ಅವರಿಗೆ. ಮಾರನೇ ದಿನ ಇನ್ನೊಬ್ಬರಿಗೆ.

ಅವತ್ತು ರಾತ್ರಿ ಮೈಸೂರಿನ ಲ್ಯಾಬ್ ಮೇಡಂ ಅವರೇ ಫೋನ್ ಮಾಡಿದ್ರು. ನಿಮ್ಮಿಂದ ಮೂರನೇ ಸಲ ಇದೇ ಥರದ್ದು ಬಂದಿದೆ, ನಾನು ಸುಮ್ನೆ ಸ್ಯೂಡೋಮೊನಾಸ್ ಅಂತ ಬರೆದು ಕಳಿಸೋಕೆ ಮನಸ್ಸು ಒಪ್ಪಲಿಲ್ಲ, ಕೊಲಿಸ್ಟಿನ್‌ಗೂ ಬಗ್ತಿಲ್ಲ, ಅಮಿಕಾಸಿನ್, ಜೆಂಟಾಮೈಸಿನ್ ಥರದ ಆಂಟಿಬಯಾಟಿಕ್‌ಗೂ ಬಗ್ತಿಲ್ಲ, ಮಿಷಿನ್‌ಗೆ ಹಾಕಿ ನೋಡಿದೆ, ಇದು ಬರ್ಕೋಲ್ಡೇರಿಯಾ ಸೆಪೇಸಿಯಾ ಅಂದ್ರು. ಆಮೇಲೆ ಸ್ವಲ್ಪ ಸುಮ್ನಿದ್ದು, "ಸಿಸ್ಟರ್, ನಿಮ್ಮ ವಾರ್ಡಲ್ಲಿ ಎಲ್ಲೋ ನೀರಿದೆ ನೋಡಿ" ಅಂದ್ರು.

ನಾನು ಆ ಹೆಸರನ್ನ ಪರೀಕ್ಷೆಗೆ ಓದಿದ್ದು ಬಿಟ್ರೆ ಅಷ್ಟು ಹತ್ರದಿಂದ ಕಂಡಿರಲಿಲ್ಲ. 1950ರಲ್ಲಿ ಬರ್ಕೋಲ್ಡರ್ ಅನ್ನೋ ಅಮೆರಿಕದ ವಿಜ್ಞಾನಿ ಕೊಳೆತ ಈರುಳ್ಳೀಲಿ ಇದನ್ನ ಗುರುತಿಸಿದ್ದು, ಸೆಪಾ ಅಂದ್ರೆ ಲ್ಯಾಟಿನಲ್ಲಿ ಈರುಳ್ಳಿ, ಅದಕ್ಕೇ ಆ ಹೆಸರು. ಮಣ್ಣಲ್ಲಿ, ನೀರಲ್ಲಿ ಇರೋ ಜೀವಿ. ಗಟ್ಟಿಮುಟ್ಟಾಗಿರೋರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ, ಆದ್ರೆ ನೇರವಾಗಿ ರಕ್ತಕ್ಕೆ ಬಿಟ್ರೆ ಕಥೆ ಬೇರೆ. ಇದರ ವಿಶೇಷ ಏನಂದ್ರೆ ಊಟ ಅಷ್ಟಾಗಿ ಬೇಕಿಲ್ಲ, ಡಿಸ್ಟಿಲ್ಡ್ ವಾಟರಲ್ಲೂ ಬದುಕಿ ಬೆಳೆಯುತ್ತೆ. ನಾವು ಶುದ್ಧ ಅಂತ ನಂಬಿರೋ ಆಂಟಿಸೆಪ್ಟಿಕ್ ದ್ರಾವಣಗಳಲ್ಲೂ ಸಿಕ್ಕಿರೋ ಉದಾಹರಣೆ ಎಷ್ಟೋ ಇದೆ. 2016ರಲ್ಲಿ ಅಮೆರಿಕದಲ್ಲಿ ಕ್ಯಾನುಲಾ (ಡ್ರಿಪ್, ಇಂಜೆಕ್ಷನ್ ಕೊಡೋಕೆ ಕೈಗೆ ಹಾಕಿ ಬಿಟ್ಟಿರೋ ಸೂಜಿ) ಫ್ಲಷ್ ಮಾಡೋ ರೆಡಿ ಸಲೈನ್ ಸಿರಿಂಜ್‌ಗಳಲ್ಲೇ ಇದು ಬಂದು ಕಂಪನಿ ಎಲ್ಲಾ ವಾಪಸ್ ತಗೊಳ್ಳಬೇಕಾಯ್ತು. ಒಂದೇ ವಾರ್ಡಲ್ಲಿ ಇಬ್ಬರ ರಕ್ತದಲ್ಲಿ ಇದು ಬಂತು ಅಂದ್ರೆ ಅಲ್ಲಿಗೆ ಮುಗೀತು, ಕಾಕತಾಳೀಯ ಅಂತ ಬಿಡಬಾರದು, ಎಲ್ಲೋ ಒಂದು ದ್ರವ, ಒಂದು ಔಷಧಿ, ಒಂದು ಹತ್ತಿ ಡಬ್ಬ ಹಾಳಾಗಿದೆ ಅಂತಲೇ ಹುಡುಕಬೇಕು. ಸ್ಯೂಡೋಮೊನಾಸ್ ಅಂತ ಮೇಲೆಮೇಲೆ ಬರೆದು ಬಿಟ್ಟಿದ್ರೆ ನಾವು ಇನ್ನೂ ಎಷ್ಟು ದಿನ ಅಮಿಕಾಸಿನ್ ಕೊಡ್ತಾ ಕೂತಿರ್ತಿದ್ವೋ. ಅವರ ಫೋನ್ ಬಂದ ರಾತ್ರಿಯೇ ಔಷಧಿ ಬದಲಾಯ್ತು, ಕೆಲವರಿಗೆ ಮೆರೊಪೆನೆಮ್, ಕೆಲವರಿಗೆ ಸೆಫ್ಟಾಜಿಡೈಮ್, ಮನೆಗೆ ಕಳಿಸುವಾಗ ಕೋಟ್ರೈಮಾಕ್ಸಜೋಲ್ ಮಾತ್ರೆ.

ಹುಡುಕೋದು ಅಂದ್ರೆ ಎಲ್ಲಿ ಹುಡುಕೋದು? ದೊಡ್ಡ ಹಾಳೆ ಹಿಡ್ಕೊಂಡು ಐದು ಜನರ ಹೆಸರು ಬರೆದು ಬೆಡ್ ನಂಬರ್, ಕ್ಯಾನುಲಾ ಹಾಕಿದ ದಿನ, ಯಾವ ಡ್ರಿಪ್, ಯಾವ ಇಂಜೆಕ್ಷನ್, ಯಾರ ಡ್ಯೂಟಿ, ಚಳಿ ಬಂದ ಟೈಮ್ ಎಲ್ಲ ಸಾಲು ಹಾಕಿದೆ. ಏನೂ ಹೊಂದಲಿಲ್ಲ. ಕೇಸ್‌ಶೀಟಿನ ಟೈಮ್ ಅಂತೂ ನಂಬೋ ಹಾಗೇ ಇರ್ಲಿಲ್ಲ, ಒಬ್ಬರದು ಸಂಜೆ 8, ಒಬ್ಬರದು 7.30, ಯಾಕಂದ್ರೆ ಸಿಸ್ಟರ್‌ಗಳು ಕೆಲಸ ಎಲ್ಲ ಮುಗಿಸಿ ಹ್ಯಾಂಡ್‌ಓವರ್ ಕೊಡುವಾಗ ಕೂತು ಬರೆಯೋದು. ಇಂಜೆಕ್ಷನ್ ಅಂತೂ ಎಲ್ಲಾದಕ್ಕೂ ಸಂಜೆ 6 ಅಂತಲೇ ಇರುತ್ತೆ, 22 ಜನಕ್ಕೆ ಒಬ್ಬರು ಆರು ಗಂಟೆಗೆ ಸರಿಯಾಗಿ ಹೇಗೆ ಕೊಡ್ತಾರೆ ಅಂತ ಯಾರೂ ಕೇಳಲ್ಲ.

ಉತ್ತರ ಸಿಕ್ಕಿದ್ದು ಒಂದು ನೋಟ್‌ಬುಕ್ಕಲ್ಲಿ. ಮೊದಲನೇ ಪೇಶೆಂಟಿನ ಮಗಳು, ಪಿಯುಸಿ ಓದೋ ಹುಡುಗಿ, ಐಸಿಯು ಹೊರಗೆ ಕೂತಿದ್ಲು. ಡೆಂಗೆ ಪೇಶೆಂಟ್ ಕಡೆಯವರು ದಿನಾ ಪ್ಲೇಟ್‌ಲೆಟ್ ಬರ್ಕೊಳ್ಳೋದು ಗೊತ್ತಲ್ಲ, ಇವಳು ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಬರೆದಿದ್ಲು, ಆದ್ರೆ ಬರೀ ಪ್ಲೇಟ್‌ಲೆಟ್ ಅಲ್ಲ, ಅವ್ವ ಎಷ್ಟು ಗಂಟೆಗೆ ಗಂಜಿ ಕುಡಿದ್ಲು, ಎಷ್ಟು ಸಲ ಉಚ್ಚೆ ಹೋದ್ಲು, ಯಾವಾಗ ಸೂಜಿ ಹಾಕಿದ್ರು, ಎಲ್ಲ. ನೋಡ್ಲಾ ಮಗ ಅಂತ ಕೇಳ್ದೆ, ಕೊಟ್ಲು. ನೀಲಿ ಇಂಕಲ್ಲಿ ಹೀಗಿತ್ತು: ಮಂಗಳವಾರ, 6.10 ಇಂಜೆಕ್ಷನ್, 6.45 ಚಳಿ. ಅದರ ಕೆಳಗೆ: ಬುಧವಾರ, 6.05 ಇಂಜೆಕ್ಷನ್, 6.40 ಚಳಿ, ಬಾಟ್ಲು ಹಾಕಿರಲಿಲ್ಲ.

ಬಾಟ್ಲು ಹಾಕಿರಲಿಲ್ಲ. ಅದನ್ನ ನಾನು ಮೂರು ಸಲ ಓದಿದೆ. "ಬುಧವಾರ ಡ್ರಿಪ್ ಇರ್ಲಿಲ್ವಾ ಪುಟ್ಟಿ?" ಅಂದೆ. "ಇಲ್ಲ ಸಿಸ್ಟರ್, ಅವ್ವ ನೀರು ಚೆನ್ನಾಗಿ ಕುಡೀತಾವ್ಳೆ ಅಂತ ಬೆಳಿಗ್ಗೇನೆ ತೆಗೆದ್ಬಿಟ್ರು, ಸೂಜಿ ಮಾತ್ರ ಬಿಟ್ಟಿದ್ರು" ಅಂದ್ಲು. ಅಂದ್ರೆ ನಾವು ವಾರದಿಂದ ಹಿಂದೆ ಬಿದ್ದಿದ್ದ ಡ್ರಿಪ್ಪೇ ಆ ಸಂಜೆ ಅಲ್ಲಿರಲಿಲ್ಲ. ಕೈಯಲ್ಲಿದ್ದಿದ್ದು ಬರೀ ಕ್ಯಾನುಲಾ, ಅದರೊಳಗೆ ಹೋಗಿದ್ದು ಬರೀ ಇಂಜೆಕ್ಷನ್. ಇಂಜೆಕ್ಷನ್ ಹೋಗಿ 35 ನಿಮಿಷಕ್ಕೆ ಚಳಿ, ಎರಡೂ ದಿನ. ಬೆಳಿಗ್ಗೆ ಆರಕ್ಕೂ ಅದೇ ಇಂಜೆಕ್ಷನ್ ಕೊಟ್ಟಿದ್ರು, ಬೆಳಿಗ್ಗೆ ಚಳಿ ಇಲ್ಲ. ಉಳಿದ ನಾಲ್ಕು ಜನರ ಕಡೆಯವರನ್ನ ಒಬ್ಬೊಬ್ಬರಾಗಿ ಕೇಳಿದೆ. ಎಲ್ರೂ ಸಂಜೆನೇ, ಸೂಜಿ ಕೊಟ್ಟಾದ ಮೇಲೆನೇ ಅಂದ್ರು.

ಮಾರನೇ ದಿನ ಸಂಜೆ ಐದೂವರೆಗೆ ವಾರ್ಡಿಗೆ ಹೋಗಿ ಮೂಲೇಲಿ ಸ್ಟೂಲ್ ಹಾಕ್ಕೊಂಡು ಕೂತೆ. ಏನೂ ಹೇಳಲ್ಲ, ನೀವು ದಿನಾ ಮಾಡೋ ಥರ ಮಾಡಿ ಅಂತ ಸಿಸ್ಟರಿಗೆ ಹೇಳಿದೆ. ಅವಳು ಚಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು. ನೀಟಾಗಿ ಕೈ ತೊಳ್ಕೊಂಡ್ಲು, ಟ್ರಾಲಿ ಹತ್ರ ಬಂದ್ಲು, ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ವಯಲ್‌ಗಳನ್ನ (ಪುಟ್ಟ ಔಷಧಿ ಸೀಸೆ) ಸಾಲಾಗಿ ಜೋಡಿಸಿದ್ಲು. ಆ ಇಂಜೆಕ್ಷನ್ ಪುಡಿ ರೂಪದಲ್ಲಿ ಬರುತ್ತೆ, 10 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ ಕರಗಿಸಿ ಕೊಡಬೇಕು. ಅದಕ್ಕೆ 10 ಎಂಎಲ್‌ನ ಪುಟ್ಟ ಪ್ಲಾಸ್ಟಿಕ್ ಆಂಪ್ಯೂಲ್ ಇರುತ್ತೆ, ತಲೆ ಮುರಿದು ಒಬ್ಬರಿಗೆ ಬಳಸಿ ಬಿಸಾಕೋದು. ಟ್ರಾಲಿ ಮೇಲೆ ಆಂಪ್ಯೂಲ್ ಇರ್ಲಿಲ್ಲ. 500 ಎಂಎಲ್‌ನ ಒಂದು ದೊಡ್ಡ ಬಾಟ್ಲು ಇತ್ತು, ಅದರ ರಬ್ಬರಿಗೆ ಒಂದು ದಪ್ಪ ಸೂಜಿ ಚುಚ್ಚಿ ಹಾಗೇ ಬಿಟ್ಟಿದ್ರು, ಸೂಜಿ ಬಾಯಿ ಮೇಲೆ ಒಂದು ಚೂರು ಹತ್ತಿ. ಸಿರಿಂಜ್ ತಂದು ಹತ್ತಿ ಎತ್ತೋದು, ಸೂಜಿಗೆ ಸಿಕ್ಕಿಸೋದು, 10 ಎಳೆಯೋದು, ಹತ್ತಿ ವಾಪಸ್ ಇಡೋದು, ಮುಂದಿನ ವಯಲ್. ಇಪ್ಪತ್ತೆರಡು ಸಲ. ಬೆರಳಲ್ಲಿ ಮುಟ್ಟಿ ನೋಡಿದೆ, ಹತ್ತಿ ಒದ್ದೆ ಇತ್ತು. ಸ್ಪಿರಿಟ್ ವಾಸನೆ ಇರ್ಲಿಲ್ಲ, ಬರೀ ನೀರು.

ಯಾವಾಗಿಂದ ಹೀಗೆ ಅಂತ ಕೇಳಿದೆ. ಆಂಪ್ಯೂಲ್ ಸ್ಟಾಕ್ ಇಲ್ಲ ಮೇಡಂ, ಡೆಂಗೆ ಶುರುವಾದಾಗಿಂದ ಖಾಲಿ, ಇಂಡೆಂಟ್ ಹಾಕಿದ್ರೆ ಸ್ಟೋರಿಂದ ದೊಡ್ಡ ಬಾಟ್ಲು ಕೊಡ್ತಾರೆ ಅಂದ್ಲು. ಬಾಟ್ಲು ಯಾವಾಗ ಒಡೆಯೋದು? ಬೆಳಿಗ್ಗೆ ಆರಕ್ಕೆ, ನೈಟ್ ಸಿಸ್ಟರ್. ಆಗ ಲೆಕ್ಕ ತಾನಾಗೇ ಕೂತ್ಕೊಳ್ತು. ಬೆಳಿಗ್ಗೆ 22 ಜನಕ್ಕೆ 10 ಎಂಎಲ್‌ನಂತೆ 220 ಹೋಯ್ತು, ಉಳಿದಿದ್ದು 280. ಆ 280 ಬಾಯಿ ತೆರ್ಕೊಂಡು ಸೂಜಿ ಚುಚ್ಚಿಸ್ಕೊಂಡು ಹನ್ನೆರಡು ಗಂಟೆ ವಾರ್ಡಿನ ಬಿಸಿಗೆ ಕೂತಿದ್ದು ಸಂಜೆ ಆರಕ್ಕೆ ಇನ್ನೊಂದು ಸುತ್ತು 22 ಜನರ ರಕ್ತಕ್ಕೆ ಹೋಗುತ್ತೆ. ರಾತ್ರಿ ಬಿಸಾಕ್ತಾರೆ, ಬೆಳಿಗ್ಗೆ ಹೊಸದು. ಅದಕ್ಕೇ ಬೆಳಿಗ್ಗೆ ಚಳಿ ಇಲ್ಲ. ಬರೀ ಲೆಕ್ಕಕ್ಕೆ ಹೇಳ್ತೀನಿ, ಬೆಳಿಗ್ಗೆ ನೂರೇ ನೂರು ಬ್ಯಾಕ್ಟೀರಿಯಾ ಬಿದ್ದು ಗಂಟೆಗೊಂದು ಸಲ ದುಪ್ಪಟ್ಟಾದ್ರೂ ಹನ್ನೆರಡು ಗಂಟೇಲಿ ನಾಲ್ಕು ಲಕ್ಷ ದಾಟುತ್ತೆ. ನೋಡಿದ್ರೆ ಗೊತ್ತಾಗಲ್ವಾ ಅಂತ ಕೇಳ್ತಾರೆ ಎಲ್ರೂ. ಗೊತ್ತಾಗಲ್ಲ. ಒಂದೊಂದು ಎಂಎಲ್‌ನಲ್ಲೂ ಹತ್ತು ಲಕ್ಷದ ಹತ್ರ ಬರೋವರೆಗೂ ನೀರು ಕಣ್ಣಿಗೆ ತಿಳಿಯಾಗೇ ಇರುತ್ತೆ.

ಆದ್ರೆ ಆ ಮೊದಲ ನೂರು ಬಂದಿದ್ದೆಲ್ಲಿಂದ? ಅದೂ ಕಣ್ಣೆದುರಿಗೇ ಇತ್ತು. ಮಂಚಗಳಿಗೆ ಜಾಗ ಮಾಡೋಕೆ ಟ್ರಾಲಿನ ತಳ್ಳಿದ್ವಿ ಅಂದ್ನಲ್ಲ, ತಳ್ಳಿದ್ದು ಕೈ ತೊಳೆಯೋ ಸಿಂಕಿನ ಪಕ್ಕಕ್ಕೆ, ಒಂದು ಗೇಣು ದೂರ ಇರಬಹುದು ಅಷ್ಟೇ. ನಲ್ಲಿ ನೀರು ನೇರವಾಗಿ ಸಿಂಕಿನ ತೂತಿನ ಮೇಲೇ ಬೀಳ್ತಿತ್ತು, ಪ್ರೆಷರ್ ಜೋರು. ನಾನು ಟ್ರಾಲಿ ಮೇಲೆ ಒಂದು ಬಿಳಿ ಹಾಳೆ ಹಾಸಿ ಸಿಸ್ಟರಿಗೆ ಇನ್ನೊಂದು ಸಲ ಕೈ ತೊಳಿ ತಾಯಿ ಅಂದೆ. ತೊಳೆದ್ಲು. ಹಾಳೆ ಎತ್ತಿ ಬೆಳಕಿಗೆ ಹಿಡಿದು ಎಣಿಸಿದೆ, ಹನ್ನೊಂದು ಹನಿ. ಎರಡು ಹನಿ ಬಾಟ್ಲು ನಿಂತಿದ್ದ ಕಡೆ. ಸಿಂಕಿನ ತೂತಿನ ಒಳಗೆ ಲೋಳೆ ಕಟ್ಟಿರುತ್ತೆ, ಈ ಜಾತಿಯ ಬ್ಯಾಕ್ಟೀರಿಯಾಗಳಿಗೆ ಅದು ಮನೆ ಇದ್ದಂಗೆ. ಆ ಹುಡುಗಿ ನಾವು ಹೇಳಿಕೊಟ್ಟ ಹಾಗೆ ತಪ್ಪದೆ ಕೈ ತೊಳೀತಿದ್ಲು, ತೊಳೆದಾಗಲೆಲ್ಲ ಆ ಒದ್ದೆ ಹತ್ತಿ ಮೇಲೆ ಸಿಂಕಿನ ನೀರು ಬೀಳ್ತಿತ್ತು. ಹಾಳೆ ನೋಡಿ ಅವಳ ಮುಖ ಬಿಳಿಚಿಕೊಳ್ತು. "ನನ್ನಿಂದಾನಾ ಮೇಡಂ?" ಅಂದ್ಲು. ಅಲ್ಲ ಅಂದೆ. ಟ್ರಾಲಿ ಅಲ್ಲಿಡಿ ಅಂದಿದ್ದು ನಾವು, ಆಂಪ್ಯೂಲ್ ತರಿಸದೆ ಇದ್ದಿದ್ದು ನಾವು, ವಾರಕ್ಕೆರಡು ಸಲ ರೌಂಡ್ಸ್ ಬಂದು ಅದೇ ಬಾಟ್ಲು ನೋಡಿಯೂ ನೋಡದೆ ಹೋಗಿದ್ದು ನಾನು.

ಅವತ್ತೇ ಸ್ಯಾಂಪಲ್ ತೆಗೆದ್ವಿ. ಬಳಕೇಲಿದ್ದ ಬಾಟ್ಲಿನ ನೀರು, ಆ ಹತ್ತಿ, ಸಿಂಕಿನ ತೂತು, ನಲ್ಲಿ ಬಾಯಿ, ಅದೇ ಪೆಟ್ಟಿಗೆಯ ಸೀಲ್ ಒಡೆಯದ ಎರಡು ಬಾಟ್ಲು, ಮಾರನೇ ಬೆಳಿಗ್ಗೆ ಒಡೆದ ತಕ್ಷಣದ ಒಂದು ಬಾಟ್ಲನ್ನ ಆಮೇಲೆ ಕಳಿಸಿದ್ವಿ. ನಾಲ್ಕು ಗಂಟೆಗೆ ಬೈಕ್ ಹುಡುಗ ಹೋಗಿಯಾಗಿತ್ತು, ಆಂಬುಲೆನ್ಸ್ ಡ್ರೈವರ್ ಅಣ್ಣ ನಾನೇ ತಗೊಂಡ್ ಹೋಗ್ತೀನಿ ಕೊಡಕ್ಕ ಅಂತ ರಾತ್ರಿಯೇ ಮೈಸೂರಿಗೆ ಮುಟ್ಟಿಸಿದ್ರು. ಸಂಜೆ ಬಾಟ್ಲು, ಹತ್ತಿ, ಸಿಂಕಿನ ತೂತು, ಮೂರರಲ್ಲೂ ಬರ್ಕೋಲ್ಡೇರಿಯಾ. ಸೀಲ್ ಬಾಟ್ಲುಗಳಲ್ಲಿ, ಬೆಳಗಿನ ಹೊಸ ಬಾಟ್ಲಲ್ಲಿ ಏನೂ ಇಲ್ಲ. ಯಾವ ಔಷಧಿಗೆ ಬಗ್ಗುತ್ತೆ, ಯಾವುದಕ್ಕೆ ಬಗ್ಗಲ್ಲ ಅನ್ನೋ ಪಟ್ಟಿ ಪೇಶೆಂಟ್‌ಗಳ ರಿಪೋರ್ಟ್ ಜೊತೆ ಸಾಲು ಸಾಲಾಗಿ ಹೊಂದಿಕೊಳ್ತು. ಜೀನ್ ಮಟ್ಟದಲ್ಲಿ ತಾಳೆ ನೋಡಿಸಲಿಲ್ಲ, ಅದರ ದುಡ್ಡು ನಮ್ಮ ಆಸ್ಪತ್ರೆ ಕೈಲಾಗಲ್ಲ, ಆದ್ರೆ ದೊಡ್ಡ ಬಾಟ್ಲು ನಿಲ್ಲಿಸಿ ಟ್ರಾಲಿ ಜಾಗ ಬದಲಾಯಿಸಿದ ಮೇಲೆ ಹೊಸ ಕೇಸ್ ಒಂದೂ ಬರ್ಲಿಲ್ಲ. ಸ್ಯಾಂಪಲ್ ತೆಗೆದ ಸಂಜೆ ಮುಂಚೆಯೇ ಇಂಜೆಕ್ಷನ್ ಹೋಗಿದ್ದ ಇಬ್ಬರಿಗೆ ಚಳಿ ಬಂತು, ಅವರೇ ಆರು ಮತ್ತೆ ಏಳನೆಯವರು. ಡ್ರಿಪ್ ಕಂಪನಿಯ ಸ್ಟೆರಿಲಿಟಿ ರಿಪೋರ್ಟೂ ಆಮೇಲೆ ಬಂತು, ಅದರಲ್ಲೂ ಏನೂ ಇಲ್ಲ.

22 ಜನಕ್ಕೆ ಹೋದ ನೀರು ಏಳೇ ಜನಕ್ಕೆ ಯಾಕೆ ಅಂತ ಮೀಟಿಂಗಲ್ಲಿ ಕೇಳಿದ್ರು. ಎಲ್ಲ ದಿನದ ಬಾಟ್ಲೂ ಕೆಟ್ಟಿರಲಿಲ್ಲ, ಎಲ್ರಿಗೂ ಅಷ್ಟೇ ಬ್ಯಾಕ್ಟೀರಿಯಾ ಹೋಗಿರಲ್ಲ, ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಎಲ್ರಿಗೂ ಒಂದೇ ಅಲ್ಲ. ಆದ್ರೆ ನನ್ನನ್ನ ಕಾಡಿದ್ದು ಇನ್ನೊಂದು ಪ್ರಶ್ನೆ, ಅದನ್ನ ಮೀಟಿಂಗಲ್ಲಿ ಗಟ್ಟಿಯಾಗೇ ಕೇಳಿದೆ. ಡೆಂಗೆ ವೈರಸ್ ಕಾಯಿಲೆ, ಅದಕ್ಕೆ ಸೆಫ್ಟ್ರಿಯಾಕ್ಸೋನ್ ಕೆಲಸವೇ ಮಾಡಲ್ಲ, ಆ 22 ಜನರಲ್ಲಿ ನಿಜವಾಗ್ಲೂ ಬೇಕಿದ್ದಿದ್ದು ಎಷ್ಟು ಜನಕ್ಕೆ? ಕೇಸ್‌ಶೀಟ್ ತೆಗೆದು ನೋಡಿದ್ರೆ ನಾಲ್ಕು ಜನಕ್ಕೆ. ಉಳಿದವರಿಗೆ ಎಲ್ಲ ಒಂದಿರ್ಲಿ ಅಂತ, ಪೇಶೆಂಟ್ ಕಡೆಯವರು ಏನೂ ಕೊಡ್ತಿಲ್ಲ ಅಂತ ಬೈತಾರೆ ಅಂತ. ಪಾಂಡವಪುರದ ಆ ತಾಯಿಗೂ ಬೇಕಿರಲಿಲ್ಲ. ಬೇಡದ ಔಷಧಿನ ಕೆಟ್ಟ ನೀರಲ್ಲಿ ಕರಗಿಸಿ ಕೊಟ್ವಿ, ಅವರು ಒಂಬತ್ತು ದಿನ ಐಸಿಯೂಲಿ ಇದ್ದು ಬದುಕಿ ಬಂದ್ರು. ಡ್ರಿಪ್ ತೆಗೆದ ಮೇಲೂ ಕ್ಯಾನುಲಾ ಉಳಿದಿದ್ದು ಈ ಇಂಜೆಕ್ಷನ್ ಸಲುವಾಗೇ, ಅದನ್ನ ತೆಗೆದಿದ್ರೆ ಬುಧವಾರದ ಚಳಿ ಬರ್ತಾನೇ ಇರಲಿಲ್ಲ.

ಇದಾದ ಮೇಲೆ ಬದಲಾಗಿದ್ದು ಹೆಚ್ಚೇನಿಲ್ಲ, ಆದ್ರೆ ಗಟ್ಟಿಯಾಗಿ ಬದಲಾಗಿದೆ. ಆಂಪ್ಯೂಲ್ ಇಲ್ಲ ಅಂದ್ರೆ ಆಸ್ಪತ್ರೆ ಪಕ್ಕದ ಮೆಡಿಕಲ್ ಸ್ಟೋರಿಂದಾದ್ರೂ ತರಿಸ್ತಾರೆ, ಒಂದಕ್ಕೆ ಕೆಲವೇ ರೂಪಾಯಿ, ಒಂದು ದಿನದ ಐಸಿಯು ಬಿಲ್ಲಲ್ಲಿ ಇಡೀ ವಾರ್ಡಿಗೆ ತಿಂಗಳಿಗಾಗೋಷ್ಟು ಬರುತ್ತೆ. ಟ್ರಾಲಿ ಸಿಂಕಿಂದ ದೂರ ಹೋಯ್ತು, ಮಧ್ಯೆ ಒಂದು ಅಡ್ಡ ಹಲಗೆ ಬಂತು. ಗಟ್ಟಿ ಪ್ಲಾಸ್ಟಿಕ್ ಡ್ರಿಪ್ ಬಾಟ್ಲಿಗೆ ಗಾಳಿ ಆಡಲಿ ಅಂತ ಮೇಲೆ ಸೂಜಿ ಚುಚ್ಚೋದನ್ನೂ ನಿಲ್ಲಿಸಿದ್ವಿ, ತಾನಾಗೇ ಕುಗ್ಗೋ ಮೆತ್ತನೆ ಬ್ಯಾಗ್ ತರಿಸ್ತಿದೀವಿ. ಅರ್ಜೆಂಟೀನಾ, ಬ್ರೆಜಿಲ್, ಇಟಲಿ, ಮೆಕ್ಸಿಕೋ ಐಸಿಯುಗಳಲ್ಲಿ ಹೀಗೆ ಗಾಳಿ ಆಡದ ಬ್ಯಾಗಿಗೆ ಬದಲಾಯಿಸಿದ ಮೇಲೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕೋ ಟ್ಯೂಬ್) ಸೋಂಕು ಸಾವಿರ ಲೈನ್-ದಿನಕ್ಕೆ 10.1 ಇದ್ದಿದ್ದು 3.3ಕ್ಕೆ ಇಳಿದಿತ್ತು. ಇದನ್ನ ಮ್ಯಾನೇಜ್‌ಮೆಂಟ್ ಮುಂದೆ ಇಟ್ಟ ಮೇಲೆ ಬ್ಯಾಗಿಗೆ ದುಡ್ಡು ಸ್ಯಾಂಕ್ಷನ್ ಆಯ್ತು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಚಳಿ ಬಂದಾಗ ಕೈಯನ್ನ ಏವಿಲ್ ಕಡೆ ಹೋಗದ ಹಾಗೆ ತಡೆಯೋದು. ಏವಿಲ್ ಕೊಟ್ರೆ, ಹೈಡ್ರೋಕಾರ್ಟಿಸೋನ್ ಕೊಟ್ರೆ ನಡುಕ ನಿಲ್ಲುತ್ತೆ, ಪೇಶೆಂಟ್ ಕಡೆಯವರಿಗೂ ಸಮಾಧಾನ, ನಮಗೂ ಸಮಾಧಾನ, ಆದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಎಲ್ಲಿಗೂ ಹೋಗಿರಲ್ಲ. ಈಗ ನಮ್ಮಲ್ಲಿ ಚಳಿ ಬಂದ್ರೆ ಮೊದಲು ಹೋಗ್ತಿರೋದನ್ನ ನಿಲ್ಲಿಸಿ ಕ್ಲಾಂಪ್ ಹಾಕ್ತಾರೆ, ಬಾಟ್ಲು ಸೆಟ್ ಸಮೇತ ಬಿಚ್ಚಿ ತುದಿಗೆ ಹೊಸ ಕ್ಯಾಪ್ ಹಾಕಿ ಕ್ಲೀನ್ ಕವರಲ್ಲಿ ಕಟ್ಟಿ ಪೇಶೆಂಟ್ ಹೆಸರು, ಬ್ಯಾಚ್ ನಂಬರ್, ಟೈಮ್ ಬರೆದು ಫ್ರಿಜ್ಜಲ್ಲಿ ಇಡ್ತಾರೆ, ಹಳೇ ಕ್ಯಾನುಲಾ ತೆಗೆದು ಬೇರೆ ಕೈಗೆ ಹಾಕ್ತಾರೆ, ಎರಡು ಕೈಯಿಂದ ಕಲ್ಚರ್ ತೆಗೀತಾರೆ, ಹಿಂದಿನ ಒಂದು ಗಂಟೇಲಿ ಆ ಕ್ಯಾನುಲಾ ಒಳಗೆ ಏನೇನು ಹೋಯ್ತು ಅಂತ ಅಲ್ಲೇ ನಿಂತು ಬರೀತಾರೆ. ಖಾಲಿ ವಯಲ್ ಕೂಡ ಎತ್ತಿಡ್ತಾರೆ. ಹುಷಾರಾಗಿರೋ ಪೇಶೆಂಟ್ ಕಡೆಯವರು ಇದ್ರೆ ಅವರನ್ನೂ ಕೇಳಿ ಅಂತ ಹೇಳಿದೀನಿ, ಅವರ ಹತ್ರ ನಮಗಿಂತ ಸರಿಯಾದ ಟೈಮ್ ಇರುತ್ತೆ.

ಮದ್ದೂರಿನ ಯಜಮಾನರು ಹನ್ನೊಂದನೇ ದಿನ ತೀರಿಕೊಂಡ್ರು. ಡೆತ್ ಸಮ್ಮರಿ ಡ್ರಾಫ್ಟಲ್ಲಿ ಡೆಂಗೆ, ಕಿಡ್ನಿ ಫೇಲ್ಯೂರ್, ಸೆಪ್ಸಿಸ್ (ಸೋಂಕು ಮೈಗೆಲ್ಲ ಏರೋದು) ಅಂತಷ್ಟೇ ಇತ್ತು. ಸೆಪ್ಸಿಸ್ ಆಸ್ಪತ್ರೇಲಿ ಬಂದಿದ್ದು ಅಂತ ಬರೀಬೇಕು, ಮನೆಯವರಿಗೂ ಹೇಳಬೇಕು ಅಂತ ನಾನು ಹಟ ಹಿಡಿದೆ. ಎರಡು ದಿನ ಮಾತುಕತೆ ನಡೀತು, ಲಾಯರ್‌ನ ಕೇಳಿದ್ರು, ಕೊನೆಗೆ ಫಿಸಿಶಿಯನ್ ಸಾರ್ ಅವರೇ ಸರಿ ಬಾರಮ್ಮ ಹೇಳೋಣ ಅಂದ್ರು. ಮಗನನ್ನ ಕೂರಿಸ್ಕೊಂಡು ಬಾಟ್ಲು, ಸೂಜಿ, ಸಿಂಕು ಎಲ್ಲ ಬಿಡಿಸಿ ಹೇಳಿದ್ವಿ. ಅವರು ಕೂಗಾಡ್ತಾರೆ ಅನ್ಕೊಂಡಿದ್ದೆ. ತುಂಬ ಹೊತ್ತು ನೆಲ ನೋಡ್ತಾ ಕೂತಿದ್ರು, ಆಮೇಲೆ "ನಮ್ಮಪ್ಪಂಗೆ ಹಾಕಿದ ಬಾಟ್ಲು ಎಲ್ಲಮ್ಮ, ಒಂದ್ಸಲ ತೋರ್ಸಿ" ಅಂದ್ರು. ನಮ್ಮ ಹತ್ರ ಇರ್ಲಿಲ್ಲ. ಅವರ ತಂದೆಗೆ ಬಳಸಿದ ಬಾಟ್ಲು ಅವತ್ತು ರಾತ್ರಿಯೇ ಕಸದ ಗಾಡಿಗೆ ಹೋಗಿತ್ತು. ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಸಾರ್ ಹೇಳಿದ್ರು.

ಮೊನ್ನೆ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಅದೇ ಸಿಸ್ಟರ್, ಹಾಳೆ ಮೇಲೆ ಹನಿ ನೋಡಿದ ಹುಡುಗಿ, ಈಗ ಮೇಲ್ ವಾರ್ಡಲ್ಲಿದಾಳೆ. "ಮೇಡಂ, ಹನ್ನೆರಡನೇ ಬೆಡ್ಡಿಗೆ ಚಳಿ ಬಂತು, ಡ್ರಿಪ್ ಹಾಕಿ ಇಪ್ಪತ್ತು ನಿಮಿಷ ಆಗಿತ್ತು. ನಿಲ್ಲಿಸಿದೀನಿ, ಡಾಕ್ಟ್ರು ಬಂದು ನೋಡಿದ್ರು, ಎರಡೂ ಕೈಯಿಂದ ಕಲ್ಚರ್ ತೆಗೆದಿದೀನಿ, ಬಾಟ್ಲು ಫ್ರಿಜ್ಜಲ್ಲಿದೆ" ಅಂದ್ಲು. ಬೆಳಿಗ್ಗೆ ಹೋಗಿ ಫ್ರಿಜ್ ತೆಗೆದು ನೋಡಿದೆ, ಎರಡನೇ ತಟ್ಟೇಲಿ ಕವರ್ ಕಟ್ಟಿ ಮಲಗಿಸಿದ್ಲು, ಮೇಲೆ ಅವಳ ದುಂಡಗಿನ ಅಕ್ಷರದಲ್ಲಿ ಟೈಮ್ 1.35. ಬಾಟ್ಲು ಮೈಸೂರಿಗೆ ಹೋಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ.